ಕ್ರಾಸ್ ಸ್ಟಿಚ್ ಶುರು ಮಾಡೋರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ಮಧ್ಯಾಹ್ನ ಮೈಸೂರಿನ ನಮ್ಮ ಮನೆಗೆ ನಾಲ್ಕೈದು ಜನ ಬಟ್ಟೆ, ದಾರ ಹಿಡಿದುಕೊಂಡು ಬರುತ್ತಾರೆ. ತಿಂಗಳಿಗೊಮ್ಮೆ ಮಂಡ್ಯಕ್ಕೆ ಹೋದಾಗ ನಾದಿನಿ ಮನೆಯಲ್ಲಿ ಇನ್ನೊಂದು ಗುಂಪು ಕಾಯುತ್ತಿರುತ್ತದೆ. ಎರಡೂ ಊರಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಹೇಳಿದ್ದನ್ನೇ ಹೇಳಿ ನನಗೆ ಬೇಜಾರಿಲ್ಲ, ಆದರೆ ಹೋದ ವಾರ ಒಬ್ಬರಿಗೆ ಹೇಳಿದ್ದನ್ನು ಈ ವಾರ ಇನ್ನೊಬ್ಬರಿಗೆ ಹೇಳುವಾಗ ಅರ್ಧ ಮರೆತಿರುತ್ತೇನೆ. ಅದಕ್ಕೇ ಬರೆದಿಟ್ಟೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಇನ್ನೂ ಸೂಜಿ ಹಿಡಿಯದವರಿಗೆ

ಕ್ರಾಸ್ ಸ್ಟಿಚ್ ಅಂದ್ರೆ ಎಂಬ್ರಾಯ್ಡರಿನೇ ತಾನೆ? ಏನು ವ್ಯತ್ಯಾಸ?

ಎಂಬ್ರಾಯ್ಡರಿಯೇ, ಆದರೆ ಎಣಿಸಿ ಹಾಕುವ ಎಂಬ್ರಾಯ್ಡರಿ. ಬಟ್ಟೆಯ ಮೇಲೆ ಕಾರ್ಬನ್ ಇಟ್ಟು ಹೂವು ಬರೆದುಕೊಳ್ಳುವುದಿಲ್ಲ. ಬಟ್ಟೆಯ ನೇಯ್ಗೆಯಲ್ಲೇ ಚೌಕ ಚೌಕವಾಗಿ ಮನೆಗಳಿರುತ್ತವೆ, ಪಕ್ಕದಲ್ಲಿಟ್ಟುಕೊಂಡ ಚಾರ್ಟಿನಲ್ಲೂ ಅಂಥದೇ ಮನೆಗಳು. ಚಾರ್ಟಿನ ಒಂದು ಮನೆಗೆ ಬಟ್ಟೆಯ ಮೇಲೆ ಒಂದು ಕತ್ತರಿ ಗುರುತು. ಚೌಕಾಬಾರದ ಹಾಸಿನಲ್ಲಿ ಕೆಲವು ಮನೆಗಳಿಗೆ ಕತ್ತರಿ ಹಾಕಿರುತ್ತೀವಲ್ಲ, ಅದನ್ನೇ ದಾರದಲ್ಲಿ ಹಾಕಿದರೆ ಕ್ರಾಸ್ ಸ್ಟಿಚ್ ಆಯಿತು.

ನಂಗೆ ಡ್ರಾಯಿಂಗ್ ಬರಲ್ಲ, ನೆಟ್ಟಗೆ ಒಂದು ಗೆರೆ ಎಳೆಯೋಕೂ ಬರಲ್ಲ. ಆಗುತ್ತಾ?

ಆಗುತ್ತದೆ. ಇಲ್ಲಿ ಬೇಕಾದ್ದು ಚಿತ್ರ ಬರೆಯುವ ಕೈಯಲ್ಲ, ಲೆಕ್ಕ ಇಡುವ ತಲೆ. ಹದಿನೈದರಿಂದ ಎಂಟು ಚುಕ್ಕಿಯ ರಂಗೋಲಿಯನ್ನು ತಪ್ಪಿಲ್ಲದೆ ಇಡುವ ಹೆಂಗಸು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿತುಬಿಡುತ್ತಾಳೆ. ಬಹಳ ಚೆನ್ನಾಗಿ ಚಿತ್ರ ಬರೆಯುವವರೇ ಇಲ್ಲಿ ಒದ್ದಾಡುವುದನ್ನು ನೋಡಿದ್ದೇನೆ. ಅವರಿಗೆ ಎಣಿಸುವ ತಾಳ್ಮೆ ಇರುವುದಿಲ್ಲ, 'ಅಂದಾಜಿನಲ್ಲಿ ಇಲ್ಲೇ ಇರಬೇಕು' ಅಂತ ಸೂಜಿ ಚುಚ್ಚಿಬಿಡುತ್ತಾರೆ.

ಇದೂ ಧಾರವಾಡದ ಕಸೂತಿನೂ ಒಂದೇನಾ?

ನೆಂಟಸ್ತಿಕೆ ಇದೆ, ಒಂದೇ ಅಲ್ಲ. ಕಸೂತಿಯಲ್ಲಿ ಗವಂತಿ, ಮುರಿಗಿ, ನೇಗಿ, ಮೆಂತಿ ಅಂತ ನಾಲ್ಕು ಬಗೆಯ ಹೊಲಿಗೆ. ಅದರಲ್ಲಿ ಮೆಂತಿ ಅನ್ನುವುದು ಕ್ರಾಸ್ ಸ್ಟಿಚ್ಚೇ. ಮೆಂತ್ಯದ ಕಾಳು ಉದುರಿಸಿದ ಹಾಗೆ ಕಾಣುತ್ತದೆ ಅಂತ ಆ ಹೆಸರು. ಆದರೆ ಕಸೂತಿಯ ಜೀವ ಇರುವುದು ಗವಂತಿಯಲ್ಲಿ. ಅದರಲ್ಲಿ ದಾರ ಹೋಗುವಾಗ ಒಂದು ಗೆರೆ ಬಿಟ್ಟು ಒಂದು ಹಾಕಿ, ಬರುವಾಗ ಬಿಟ್ಟದ್ದನ್ನು ತುಂಬುತ್ತದೆ. ಬಟ್ಟೆಯ ಎರಡು ಬದಿಯೂ ಒಂದೇ ಥರ ಇರಬೇಕು. ಜೊತೆಗೆ ಕಸೂತಿ ಹಾಕುವವರು ಸೀರೆಯ ಎಳೆಯನ್ನೇ ಎಣಿಸುತ್ತಾರೆ, ಅವರಿಗೆ ಮನೆ ಹೊಡೆದ ಬಟ್ಟೆ ಬೇಕಿಲ್ಲ. ಕ್ರಾಸ್ ಸ್ಟಿಚ್ಚಿನಲ್ಲಿ ಕೈ ಕೂತರೆ ಆಮೇಲೆ ಕಸೂತಿ ಕಲಿಯಲು ಸುಲಭ. ಕಸೂತಿ ಬಲ್ಲವರು ಮಾತ್ರ ಈ ಪುಟದ ಅರ್ಧ ಓದಬೇಕಾಗಿಲ್ಲ.

## ಸಾಮಾನು

ಅಂಗಡೀಲಿ ಏನೇನು ಕೇಳ್ಬೇಕು? ಕಿಟ್ ತಗೊಂಡ್ರೆ ಒಳ್ಳೇದಾ?

ಅರ್ಧ ಮೀಟರ್ ಮನೆ ಹೊಡೆದ ಬಟ್ಟೆ, ನಾಲ್ಕೈದು ಬಣ್ಣದ ದಾರ, ಮೊನೆ ಮೊಂಡಾಗಿ ಕಣ್ಣು ದೊಡ್ಡದಿರುವ 24ನೇ ನಂಬರಿನ ಟ್ಯಾಪೆಸ್ಟ್ರಿ ಸೂಜಿ, ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಆರು ಇಂಚಿನ ರಿಂಗು, ಚಿಕ್ಕ ಕತ್ತರಿ. ಅಷ್ಟೇ. ಮಾಲ್‌ನಲ್ಲಿ ಸಿನಿಮಾ ನೋಡಿ ಪಾಪ್‌ಕಾರ್ನ್ ತಿನ್ನುವ ಖರ್ಚಿನಲ್ಲಿ ಮುಗಿಯುತ್ತದೆ. ಮೈಸೂರಿನವರು ದೇವರಾಜ ಮಾರುಕಟ್ಟೆಯ ಆಸುಪಾಸು, ಶಿವರಾಂಪೇಟೆ ಕಡೆ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಮಂಡ್ಯದವರು ಪೇಟೆ ಬೀದಿಯ ಗುಂಡಿ, ಲೇಸು, ಫಾಲ್ ಮಾರುವ ಅಂಗಡಿಗಳಲ್ಲಿ ಕೇಳಿ. ಸೂಜಿ ಕೇಳುವಾಗ 'ಮೊಂಡು ಸೂಜಿ' ಅಂತ ಒತ್ತಿ ಹೇಳಿ, ಇಲ್ಲದಿದ್ದರೆ ಸಾಮಾನ್ಯ ಎಂಬ್ರಾಯ್ಡರಿ ಸೂಜಿ ಕೊಟ್ಟು ಕಳಿಸುತ್ತಾರೆ. ಚೂಪು ಮೊನೆ ಬಟ್ಟೆಯ ಎಳೆಯನ್ನೇ ಸೀಳುತ್ತದೆ.

ಕಿಟ್ಟಿನಲ್ಲಿ ಎಲ್ಲಾ ಅಳತೆ ಮಾಡಿ ಕೊಟ್ಟಿರುತ್ತಾರೆ, ಅದು ಅನುಕೂಲವೇ. ಆದರೆ ಮೊದಲನೇ ಸಲ ತಪ್ಪು ಮಾಡಿ ಬಿಚ್ಚಿ ದಾರ ಹಾಳು ಮಾಡುತ್ತೀರಿ, ಆಗ ಅದೇ ಬಣ್ಣ ಮತ್ತೆ ಹುಡುಕಬೇಕು. ಬಿಡಿ ಸಾಮಾನಿನಲ್ಲೇ ಶುರು ಮಾಡಿ ಅಂತ ನಾನು ಹೇಳುವುದು ಅದಕ್ಕೇ.

14 ಕೌಂಟ್, 11 ಕೌಂಟ್ ಅಂತಾರಲ್ಲ, ಅದೇನು ಲೆಕ್ಕ?

ಒಂದು ಇಂಚಿನಲ್ಲಿ ಎಷ್ಟು ಮನೆ ಅನ್ನುವುದೇ ಕೌಂಟ್. ಸಂಖ್ಯೆ ಹೆಚ್ಚಾದಷ್ಟೂ ಮನೆ ಚಿಕ್ಕದು. ಚಾರ್ಟು 70 ಮನೆ ಅಗಲ, 98 ಮನೆ ಎತ್ತರ ಇದ್ದರೆ 14 ಕೌಂಟಿನ ಬಟ್ಟೆಯಲ್ಲಿ 5 ಇಂಚು, 7 ಇಂಚಿನ ಚಿತ್ರ. ಅದೇ ಚಾರ್ಟು 11 ಕೌಂಟಿನಲ್ಲಿ ಸುಮಾರು ಆರೂಕಾಲು, ಒಂಬತ್ತು ಇಂಚಿಗೆ ಬೆಳೆಯುತ್ತದೆ. ಭಾಗಿಸಿ ಬಂದದ್ದಕ್ಕೆ ನಾಲ್ಕೂ ಕಡೆ ಮೂರು ಮೂರು ಇಂಚು ಸೇರಿಸಿ ಬಟ್ಟೆ ಕತ್ತರಿಸಿ.

ಮೊದಲ ಕೆಲಸಕ್ಕೆ 11 ಅಥವಾ 14. ನಲವತ್ತು ದಾಟಿದವರು ಮರ್ಯಾದೆ ನೋಡದೆ 11 ತೆಗೆದುಕೊಳ್ಳಿ. ದಾರದ ಲಡಿಯಲ್ಲಿ ಆರು ಎಳೆ ಇರುತ್ತದೆ, ಅಷ್ಟನ್ನೂ ಒಟ್ಟಿಗೆ ಪೋಣಿಸಬಾರದು. 11ಕ್ಕೆ ಮೂರು ಎಳೆ, 14ಕ್ಕೆ ಎರಡು. 18 ಕೌಂಟಿಗೆ ಹೋದಾಗ ಒಂದೇ ಎಳೆಯೂ ನಡೆಯುತ್ತದೆ.

ಮ್ಯಾಟಿ ಬಟ್ಟೆ ಸಾಕಾ, ಐಡಾನೇ ಬೇಕಾ?

ನಮ್ಮ ಕಡೆ ಮ್ಯಾಟಿ ಅಂತ ಮೀಟರ್ ಲೆಕ್ಕದಲ್ಲಿ ಸಿಗುವ ಬಟ್ಟೆ ಅಗ್ಗ, ಗಟ್ಟಿ, ಮೇಜಿನ ಹಾಸಿಗೆ ಚೆನ್ನ. ಹಳೇ ಮೈಸೂರಿನ ಮನೆಗಳಲ್ಲಿ ರೇಡಿಯೋ ಮೇಲೆ, ಟಿ.ವಿ. ಮೇಲೆ ಹೊದಿಸಿರುತ್ತಿದ್ದ ಜೋಡಿ ಹಂಸದ ಬಟ್ಟೆಗಳಲ್ಲಿ ಎಷ್ಟೋ ಮ್ಯಾಟಿಯವೇ. ಒಂದೇ ತೊಂದರೆ: ಕೆಲವು ಥಾನುಗಳಲ್ಲಿ ಮನೆ ಪೂರ್ತಿ ಚೌಕವಾಗಿರುವುದಿಲ್ಲ. ಅಂಗಡಿಯಲ್ಲೇ ಟೇಪು ಇಟ್ಟು ಅಡ್ಡಕ್ಕೆ ಎರಡು ಇಂಚು, ಉದ್ದಕ್ಕೆ ಎರಡು ಇಂಚು ಎಣಿಸಿ. ಅಡ್ಡ 22, ಉದ್ದ 25 ಬಂತೋ, ನೀವು ಹಾಕಿದ ಚಂದ್ರ ಇಡ್ಲಿ ಬದಲು ಕಡುಬಿನ ಆಕಾರಕ್ಕೆ ಬರುತ್ತಾನೆ. ನೀರು ಕಂಡರೆ ಕುಗ್ಗಲೂಬಹುದು, ಒಗೆದು ಇಸ್ತ್ರಿ ಮಾಡಿಯೇ ಶುರು ಮಾಡಿ.

ಐಡಾ ಅನ್ನುವುದು ಕ್ರಾಸ್ ಸ್ಟಿಚ್ಚಿಗೆಂದೇ ನೇಯ್ದ ಬಟ್ಟೆ. ಅದರಲ್ಲಿ ಮನೆ ಚೌಕವಾಗಿರುತ್ತದೆ, ನಾಲ್ಕು ಮೂಲೆಯ ತೂತೂ ಸ್ಪಷ್ಟವಾಗಿ ಕಾಣುತ್ತದೆ. ಗೋಡೆಗೆ ಹಾಕುವ ಚಿತ್ರಕ್ಕೆ ಐಡಾ, ದಿನಾ ಬಳಸಿ ಒಗೆಯುವುದಕ್ಕೆ ಮ್ಯಾಟಿ. ಬಟ್ಟೆ ಯಾವುದೇ ಆಗಲಿ, ಅಂಚು ಬಿಚ್ಚಿಕೊಳ್ಳುತ್ತದೆ. ಪಕ್ಕದ ಟೈಲರ್‌ಗೆ ಕೊಟ್ಟು ಓವರ್‌ಲಾಕ್ ಮಾಡಿಸಿಬಿಡಿ.

ದಾರ ಒಳ್ಳೇ ಕಂಪನಿದೇ ಬೇಕಾ? ಬಂಡಲ್ ಲೆಕ್ಕದಲ್ಲಿ ಅಗ್ಗಕ್ಕೆ ಸಿಗ್ತಾವಲ್ಲ.

ಕೈ ಪಳಗಿಸಲು ಅಗ್ಗದ್ದು ಸಾಕು. ಗೋಡೆಗೆ ಹಾಕುವುದಕ್ಕೆ, ಯಾರಿಗಾದರೂ ಕೊಡುವುದಕ್ಕೆ ಬೇಡ. ಆಂಕರ್, ಡಿಎಂಸಿ ದಾರಗಳಿಗೆ ಬಣ್ಣದ ನಂಬರ್ ಇರುತ್ತದೆ, ಲಡಿಗೆ 8 ಮೀಟರ್. ಅರ್ಧದಲ್ಲಿ ಮುಗಿದರೆ ಅದೇ ನಂಬರ್ ಹೇಳಿ ತರಬಹುದು. ನಂಬರಿಲ್ಲದ ದಾರದಲ್ಲಿ 'ಇದೇ ಹಸಿರು ಕೊಡಿ' ಅಂತ ಹೋದರೆ ಬರುವುದು ಅದರ ದಾಯಾದಿ ಹಸಿರು. ಎರಡೂ ಕಂಪನಿಗೆ ನಂಬರ್ ಬೇರೆ ಬೇರೆ, ಚಾರ್ಟಿನಲ್ಲಿ ಯಾವ ಕಂಪನಿಯ ನಂಬರ್ ಕೊಟ್ಟಿದ್ದಾರೆ ಅಂತ ನೋಡಿಕೊಳ್ಳಿ. ಲಡಿಯ ಮೇಲಿನ ಕಾಗದದ ಪಟ್ಟಿ ಎಸೆಯಬೇಡಿ.

## ಹೊಲಿಗೆ ಹಾಕುವಾಗ

ಎಲ್ಲಿಂದ ಶುರು ಮಾಡ್ಲಿ? ಮೂಲೆಯಿಂದಾನಾ?

ನಡುವಿನಿಂದ. ಬಟ್ಟೆಯನ್ನು ಅಡ್ಡ ಒಮ್ಮೆ, ಉದ್ದ ಒಮ್ಮೆ ಮಡಿಸಿ ಉಗುರಿನಲ್ಲಿ ಗೀರಿದರೆ ಎರಡು ಗೆರೆ ಕೂಡುವ ಜಾಗವೇ ನಡು. ಚಾರ್ಟಿನ ನಾಲ್ಕೂ ಬದಿಯಲ್ಲಿ ಬಾಣದ ಗುರುತು ಇರುತ್ತದೆ, ಅವು ಕೂಡುವ ಮನೆ ಅದರ ನಡು. ಮೂಲೆಯಿಂದ ಶುರು ಮಾಡಿದವರು ಒಂದು ಸಲ ಎಣಿಕೆ ತಪ್ಪಿದರೆ ಚಿತ್ರದ ಬಾಲ ಬಟ್ಟೆಯಾಚೆ ಹೋಗುತ್ತದೆ.

ಚಾರ್ಟುಗಳಲ್ಲಿ ಹತ್ತು ಮನೆಗೊಂದು ದಪ್ಪ ಗೆರೆ ಇರುತ್ತದಲ್ಲ, ಬಟ್ಟೆಯ ಮೇಲೂ ಹಾಗೇ ಹತ್ತು ಮನೆಗೊಂದು ಗೆರೆಯನ್ನು ತಿಳಿ ಬಣ್ಣದ ಒಂಟಿ ಎಳೆಯಲ್ಲಿ ಓಡು ಹೊಲಿಗೆಯಾಗಿ ಹಾಕಿಕೊಳ್ಳಿ. ಅರ್ಧ ಗಂಟೆಯ ಕೆಲಸ. ಮುಗಿದ ಮೇಲೆ ಎಳೆದು ತೆಗೆಯಬಹುದು. ಇದನ್ನು 'ಆಮೇಲೆ ಮಾಡ್ತೀನಿ' ಅಂದವರೆಲ್ಲ ನನ್ನ ಹತ್ತಿರ ಬಿಚ್ಚಿಸಿಕೊಳ್ಳಲು ಬಂದಿದ್ದಾರೆ.

ಗಂಟು ಹಾಕ್ಬೇಡಿ ಅಂತೀರಿ. ಮತ್ತೆ ದಾರ ಕಿತ್ಕೊಂಡು ಬರಲ್ವಾ?

ಬರುವುದಿಲ್ಲ. ಗಂಟು ಹಾಕಿದರೆ ಫ್ರೇಮ್ ಮಾಡಿದಾಗ ಮುಂದೆ ಉಬ್ಬಿ ಕಾಣುತ್ತದೆ. ಎರಡು ಎಳೆಯ ಕೆಲಸಕ್ಕೆ ಚೆಂದದ ಉಪಾಯ ಒಂದಿದೆ. ಎರಡು ಎಳೆ ತೆಗೆಯುವ ಬದಲು ಒಂದೇ ಎಳೆಯನ್ನು ಎರಡು ಮೊಳ ಉದ್ದ ತೆಗೆದು ಮಧ್ಯಕ್ಕೆ ಮಡಿಸಿ. ಬಿಡಿ ತುದಿಗಳೆರಡನ್ನೂ ಸೂಜಿಗೆ ಪೋಣಿಸಿ, ಮಡಿಕೆ ಇನ್ನೊಂದು ತುದಿಯಲ್ಲಿ ಇರಲಿ. ಹಿಂದಿನಿಂದ ಸೂಜಿ ಮೇಲೆ ತನ್ನಿ, ಮಡಿಕೆ ಸ್ವಲ್ಪ ಹಿಂದೆ ಉಳಿಯಬೇಕು. ಮೊದಲ ಓರೆ ಹಾಕಿ ಕೆಳಗಿಳಿದಾಗ ಆ ಕುಣಿಕೆಯೊಳಗೆ ಸೂಜಿ ತೂರಿಸಿ ಎಳೆಯಿರಿ. ಗಂಟಿಲ್ಲದೆ ಕಚ್ಚಿಕೊಳ್ಳುತ್ತದೆ. ಮೂರು ಎಳೆಗೆ ಇದು ನಡೆಯದು. ಅದಕ್ಕೆ ಹಿಂದೆ ಒಂದು ಇಂಚು ಬಾಲ ಬಿಟ್ಟು, ಬೆರಳಲ್ಲಿ ಹಿಡಿದು, ಮೊದಲ ನಾಲ್ಕೈದು ಹೊಲಿಗೆಯ ಕೆಳಗೆ ಅದು ಸಿಗುವ ಹಾಗೆ ಹಾಕಿ. ಮುಗಿಸುವಾಗ ಯಾವುದೇ ದಾರವನ್ನು ಹಿಂದಿನ ನಾಲ್ಕೈದು ಹೊಲಿಗೆಯ ಕೆಳಗೆ ತೂರಿಸಿ ಕತ್ತರಿಸಿದರಾಯಿತು.

ನಾನು ಹಾಕಿದ್ದು ಎಣಿಕೆ ಸರಿ ಇದೆ, ಆದ್ರೂ ನಿಮ್ಮಷ್ಟು ನೀಟಾಗಿ ಕಾಣಲ್ಲ. ಯಾಕೆ?

ಮೇಲಿನ ಕಾಲು ನೋಡಿ. ಕತ್ತರಿಯ ಎರಡು ಕಾಲಿನಲ್ಲಿ ಮೇಲೆ ಕೂರುವುದು ಎಲ್ಲ ಮನೆಯಲ್ಲೂ ಒಂದೇ ದಿಕ್ಕಿಗೆ ವಾಲಬೇಕು. ಒಂದು ಮನೆಯಲ್ಲಿ ಎಡಕ್ಕೆ, ಒಂದರಲ್ಲಿ ಬಲಕ್ಕೆ ಆದರೆ ಬೆಳಕು ಬೇರೆ ಬೇರೆ ಥರ ಬಿದ್ದು ರೇಷ್ಮೆ ಸೀರೆಯಲ್ಲಿ ಕಲೆ ಬಿದ್ದ ಹಾಗೆ ಕಾಣುತ್ತದೆ. ಸಾಲಾಗಿ ಹಾಕುವಾಗ ಹೋಗುತ್ತಾ ಎಲ್ಲ ಮನೆಗೂ ಒಂದೊಂದು ಓರೆ ಹಾಕಿ, ಬರುತ್ತಾ ಎದುರು ಓರೆ ಹಾಕಿ. ಆಗ ತಪ್ಪಲು ಸಾಧ್ಯವೇ ಇಲ್ಲ. ಹೆಚ್ಚಿನವರು ಕೆಡುವುದು ಬಟ್ಟೆಯನ್ನು ತಿರುಗಿಸಿ ಹಿಡಿದಾಗ. ಬಟ್ಟೆಯ ಮೇಲಿನ ಅಂಚಿಗೆ ಒಂದು ಪಿನ್ನು ಚುಚ್ಚಿಡಿ, ಪಿನ್ನು ಯಾವಾಗಲೂ ಮೇಲಿರಲಿ.

ಇನ್ನೊಂದು, ಎಳೆ ಬೇರ್ಪಡಿಸುವುದು. ಎರಡು ಎಳೆ ಬೇಕೆಂದರೆ ಎರಡನ್ನೂ ಒಟ್ಟಿಗೆ ಕೀಳಬೇಡಿ. ಒಂದೊಂದಾಗಿ ಎಳೆದು, ನೇರ ಮಾಡಿ, ಮತ್ತೆ ಜೋಡಿಸಿ. ಹಾಗೆ ಮಾಡಿದ ದಾರ ಅಗಲವಾಗಿ ಕೂತು ಬಟ್ಟೆಯನ್ನು ಚೆನ್ನಾಗಿ ಮುಚ್ಚುತ್ತದೆ.

ಅಕ್ಕ, ಹಾಕ್ತಾ ಹಾಕ್ತಾ ದಾರ ಸಿಕ್ಕು ಸಿಕ್ಕಾಯ್ತದೆ, ಏನ್ ಮಾಡದು?

ಇದು ಮಂಡ್ಯದಲ್ಲಿ ಪ್ರತಿ ಸಲ ಬರುವ ಪ್ರಶ್ನೆ. ಪದೇ ಪದೇ ಪೋಣಿಸಲು ಸೋಮಾರಿತನ ಮಾಡಿ ಮಾರುದ್ದ ದಾರ ತೆಗೆಯುವುದೇ ಕಾರಣ. ಸೂಜಿಯಲ್ಲಿ ಒಂದು ಮೊಳಕ್ಕಿಂತ ಹೆಚ್ಚು ದಾರ ಇರಬಾರದು. ಅಳೆಯಲು ಟೇಪು ಬೇಡ, ಮೊಣಕೈಯಿಂದ ಮಧ್ಯದ ಬೆರಳ ತುದಿಯವರೆಗೆ. ಹತ್ತು ಹದಿನೈದು ಹೊಲಿಗೆಗೊಮ್ಮೆ ಬಟ್ಟೆ ತಲೆಕೆಳಗೆ ಮಾಡಿ ಸೂಜಿಯನ್ನು ಜೋತುಬಿಡಿ, ತಿರುಚಿದ ದಾರ ತಾನೇ ಗಿರಗಿರ ತಿರುಗಿ ಬಿಚ್ಚಿಕೊಳ್ಳುತ್ತದೆ.

ಒಂದು ಮನೆ ತಪ್ಪಿ ಹಾಕ್ಬಿಟ್ಟಿದೀನಿ. ಬಿಚ್ಚಲೇಬೇಕಾ?

ಎಲೆಯ ತುದಿ, ಹೂವಿನ ಅಂಚು, ಮೋಡ ಆಗಿದ್ದರೆ ಬಿಟ್ಟುಬಿಡಿ, ನಿಮ್ಮನ್ನು ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ಬಾರ್ಡರ್, ಅಕ್ಷರ, ಮುಖ, ಎಡಬಲ ಒಂದೇ ಥರ ಇರಬೇಕಾದ ಗಂಡಭೇರುಂಡದಂಥ ಚಿತ್ರ ಆಗಿದ್ದರೆ ಈಗಲೇ ಬಿಚ್ಚಿ. ಬಾರ್ಡರಿನ ಒಂದು ಮನೆಯ ತಪ್ಪು ನಾಲ್ಕು ಮೂಲೆ ಸುತ್ತಿ ಬಂದು ಕೊನೆಗೆ ಕೂಡದೆ ನಿಲ್ಲುತ್ತದೆ. ನಾನು ಒಂದು ಮೇಜಿನ ಹಾಸಿಗೆ ಮಾವಿನಕಾಯಿ ಬಾರ್ಡರ್ ಹಾಕುವಾಗ ಮೂರು ವಾರದ ಕೆಲಸವನ್ನು ಒಂದು ರಾತ್ರಿ ಬಿಚ್ಚಿದ್ದೇನೆ. ಬಿಚ್ಚಿದ ದಾರ ಜೂಲಾಗಿರುತ್ತದೆ, ಮತ್ತೆ ಬಳಸಬೇಡಿ.

ಹಿಂದ್ಗಡೆ ನೋಡಿದ್ರೆ ಕಾಗೆ ಗೂಡು. ಅತ್ತೆ ನಗ್ತಾರೆ.

ನಗಲಿ ಬಿಡಿ. ಮುಂದೆ ಚೆನ್ನಾಗಿದ್ದು ಫ್ರೇಮಿಗೆ ಹೋಗುವುದಾದರೆ ಹಿಂದೆ ಏನಿದ್ದರೇನು. ಎರಡು ವಿಷಯ ಮಾತ್ರ ನೋಡಿಕೊಳ್ಳಿ. ಗಾಢ ಬಣ್ಣದ ದಾರವನ್ನು ಬರೀ ಬಿಳಿ ಬಟ್ಟೆಯ ಹಿಂದೆ ನಾಲ್ಕು ಮನೆಗಿಂತ ದೂರ ಎಳೆದುಕೊಂಡು ಹೋಗಬೇಡಿ, ಮುಂದೆ ನೆರಳಿನ ಹಾಗೆ ಕಾಣುತ್ತದೆ. ಬಿಗಿಯಾಗಿ ಎಳೆಯಬೇಡಿ, ಬಟ್ಟೆ ಸುಕ್ಕಾಗುತ್ತದೆ.

ರೈಲಲ್ಲಿ ಹಾಕ್ಬಹುದಾ? ದಿನಾ ಬೆಂಗಳೂರಿಗೆ ಓಡಾಡ್ತೀನಿ.

ಧಾರಾಳವಾಗಿ. ಮೈಸೂರು ಬಿಟ್ಟರೆ ಮಂಡ್ಯ ಬರುವಷ್ಟರಲ್ಲಿ ಒಂದೆರಡು ದಾರ ಮುಗಿಯುತ್ತದೆ, ಸೀಟು ಸಿಕ್ಕಿದರೆ. ಎಣಿಕೆಯ ಕಷ್ಟದ ಭಾಗವನ್ನು ಮನೆಯಲ್ಲಿ ಹಾಕಿ, ಒಂದೇ ಬಣ್ಣ ತುಂಬುವ ಭಾಗವನ್ನು ರೈಲಿಗೆ ಇಟ್ಟುಕೊಳ್ಳಿ. ಬಟ್ಟೆಯ ಮೂಲೆಗೆ ಪುಟ್ಟ ಅಯಸ್ಕಾಂತ ಹಾಕಿದರೆ ಸೂಜಿ ಕಳೆಯುವುದಿಲ್ಲ. ಇಳಿಯುವಾಗ ರಿಂಗು ಬಿಚ್ಚಿಡಿ, ಇಲ್ಲದಿದ್ದರೆ ಅದರ ಗುರುತು ಬಟ್ಟೆಯಲ್ಲಿ ಉಳಿದುಬಿಡುತ್ತದೆ.

## ಕೈ ಪಳಗಿದ ಮೇಲೆ

ಅಂಬಾವಿಲಾಸ ಅರಮನೆ ಹಾಕ್ಬೇಕು ಅಂತ ಆಸೆ. ಎಷ್ಟು ದಿನ ಆಗುತ್ತೆ?

ಮೈಸೂರಿನವರೆಲ್ಲ ಮೊದಲು ಕೇಳುವುದು ಇದನ್ನೇ. ಆ ಕಮಾನು, ಗೋಪುರ ಗುರುತು ಸಿಗುವ ಹಾಗೆ ಹಾಕಲು 200 ಮನೆ ಅಗಲ, 150 ಮನೆ ಎತ್ತರವಾದರೂ ಬೇಕು. ತುಂಬಿ ಹಾಕಿದರೆ 30,000 ಹೊಲಿಗೆ. ಗಂಟೆಗೆ ನೂರು ಅಂತ ಹಿಡಿದರೆ 300 ಗಂಟೆ, ದಿನಕ್ಕೊಂದು ಗಂಟೆ ಕೂತರೆ ಹತ್ತು ತಿಂಗಳು. ನಿಜವಾದ ಅರಮನೆಗೇ 1897ರಿಂದ 1912ರವರೆಗೆ ಹಿಡಿಯಿತು, ನಿಮ್ಮದೇನೂ ತಡವಲ್ಲ.

ಸುಲಭದ ದಾರಿಯೂ ಇದೆ. ಭಾನುವಾರ ಸಂಜೆ ದೀಪ ಹತ್ತಿದ ಅರಮನೆಯನ್ನು ನೆನಪಿಸಿಕೊಳ್ಳಿ. ಗೋಡೆ ಕಾಣುವುದಿಲ್ಲ, ಕಾಣುವುದು ಬಲ್ಬಿನ ಸಾಲು ಮಾತ್ರ. ಕಪ್ಪು ಐಡಾದ ಮೇಲೆ ಹಳದಿಯ ಎರಡು ಛಾಯೆಯಲ್ಲಿ ಆ ಗೆರೆಗಳನ್ನಷ್ಟೇ ಹಾಕಿ, ಕೆಲಸ ಐದರಲ್ಲಿ ಒಂದಂಶಕ್ಕೆ ಇಳಿಯುತ್ತದೆ. ಕಪ್ಪು ಬಟ್ಟೆಯಲ್ಲಿ ತೂತು ಕಾಣದೆ ಕಣ್ಣು ಸೋಲುತ್ತದೆ. ತೊಡೆಯ ಮೇಲೊಂದು ಬಿಳಿ ಟವಲ್ ಹಾಸಿಕೊಳ್ಳಿ, ಕೆಳಗಿನ ಬಿಳುಪಿಗೆ ತೂತು ಎದ್ದು ಕಾಣುತ್ತದೆ. ಹಗಲಲ್ಲೇ ಹಾಕಿ.

ಕನ್ನಡ ಅಕ್ಷರದ ಚಾರ್ಟು ಎಲ್ಲೂ ಸಿಗಲ್ಲ. 'ಸುಸ್ವಾಗತ' ಅಂತ ಹಾಕೋದು ಹೇಗೆ?

ನನಗೆ ಅತಿ ಇಷ್ಟದ ಪ್ರಶ್ನೆ. ಇಂಗ್ಲಿಷಿನ ದೊಡ್ಡಕ್ಷರ ಐದು ಮನೆ ಅಗಲ, ಏಳು ಮನೆ ಎತ್ತರದಲ್ಲಿ ಕೂತುಬಿಡುತ್ತದೆ, ಅದರಲ್ಲಿರುವುದು ನೆಟ್ಟನೆ ಗೆರೆ. ನಮ್ಮ ಅಕ್ಷರ ಜಿಲೇಬಿ. ಚೌಕದೊಳಗೆ ಗುಂಡಗಿನದನ್ನು ಕೂರಿಸಬೇಕಾದರೆ ಜಾಗ ಹೆಚ್ಚು ಬೇಕು. ನಾನು ಇಟ್ಟುಕೊಂಡಿರುವ ಲೆಕ್ಕ: ಅಕ್ಷರದ ಮೈಗೆ ಹತ್ತು ಮನೆ, ಮೇಲೆ ತಲೆಕಟ್ಟು, ಗುಡಿಸಿಗೆ ಮೂರು, ಕೆಳಗೆ ಒತ್ತಕ್ಷರಕ್ಕೆ ಆರು. ಒಟ್ಟು ಹತ್ತೊಂಬತ್ತು ಮನೆಯ ಸಾಲು, 14 ಕೌಂಟಿನಲ್ಲಿ ಒಂದೂಕಾಲು ಇಂಚಿಗಿಂತ ಸ್ವಲ್ಪ ಹೆಚ್ಚು. ಒತ್ತಕ್ಷರದ ಜಾಗ ಮರೆತು ಕೆಳಗೆ ಬಾರ್ಡರ್ ಹಾಕಿಬಿಟ್ಟು 'ಸ್ವಾ'ದ ವ ಒತ್ತಿಗೆ ಜಾಗವಿಲ್ಲದೆ ಒದ್ದಾಡಿದವರಲ್ಲಿ ನಾನೇ ಮೊದಲಿಗಳು.

ಮಕ್ಕಳ ಗ್ರಾಫ್ ಹಾಳೆ ತಗೊಳ್ಳಿ. ಅಕ್ಷರವನ್ನು ಪೆನ್ಸಿಲಿನಲ್ಲಿ ಗುಂಡಗೆ ಬರೆಯಿರಿ. ಗೆರೆ ಅರ್ಧಕ್ಕಿಂತ ಹೆಚ್ಚು ಹಾಯ್ದ ಮನೆಗಳನ್ನೆಲ್ಲ ತುಂಬಿ. ಈಗ ಹಾಳೆಯನ್ನು ಗೋಡೆಗೆ ಅಂಟಿಸಿ ಹತ್ತು ಅಡಿ ದೂರ ನಿಂತು ಓದಿ. ನೀವಲ್ಲ, ಬರೆದದ್ದು ಗೊತ್ತಿಲ್ಲದ ಯಾರಾದರೂ ಓದಲಿ. ದ ಮತ್ತು ಧ ನಡುವೆ ಇರುವುದು ಒಂದು ಸೀಳು, ಪ ಮತ್ತು ಷ ನಡುವೆ ಒಳಗಿನ ಒಂದು ಗೆರೆ. ಮನೆ ತುಂಬುವ ಭರದಲ್ಲಿ ಇವು ಮುಚ್ಚಿಹೋಗುತ್ತವೆ. ಅಂಥ ಕಡೆ ಕತ್ತರಿ ಹಾಕದೆ ಒಂದೇ ಎಳೆಯಲ್ಲಿ ಬ್ಯಾಕ್ ಸ್ಟಿಚ್, ಅಂದರೆ ನಡುವೆ ಜಾಗ ಬಿಡದೆ ಒಂದಕ್ಕೊಂದು ತಾಗುವ ಹೊಲಿಗೆಯ ಗೆರೆ ಎಳೆಯಿರಿ. ವ, ಪ ಹಾಕುವಾಗ ಪ ಅಕ್ಷರದ ತಲೆಕಟ್ಟಿನ ಕೆಳಗೆ ಒಂದು ಮನೆ ಖಾಲಿ ಇರಲೇಬೇಕು, ಇಲ್ಲದಿದ್ದರೆ 'ಪಾಪು' ಬೇರೇನೋ ಆಗುತ್ತದೆ.

ಒಂದು ಸಲ ಕೂತು ಅಷ್ಟೂ ಅಕ್ಷರಗಳನ್ನು ಗ್ರಾಫಿನಲ್ಲಿ ಮಾಡಿಟ್ಟುಕೊಳ್ಳಿ. ಎಷ್ಟೋ ದೇಶಗಳಲ್ಲಿ ಹೆಣ್ಣುಮಕ್ಕಳು ಹೀಗೇ ಒಂದು ಬಟ್ಟೆಯ ಮೇಲೆ ಅಕ್ಷರ, ಬಾರ್ಡರು, ಬಳ್ಳಿ ಹಾಕಿ ನಮೂನೆ ಇಟ್ಟುಕೊಳ್ಳುತ್ತಿದ್ದರು. ಇಂಗ್ಲೆಂಡಿನಲ್ಲಿ 1598ರ ಇಸವಿ ಹೊಲಿದಿರುವ ಅಂಥ ನಮೂನೆ ಬಟ್ಟೆಯೊಂದು ಇವತ್ತಿಗೂ ಮ್ಯೂಸಿಯಮ್ಮಿನಲ್ಲಿದೆ.

ಒಂದು ಚಾರ್ಟಿಗೆ ಎಷ್ಟು ಲಡಿ ದಾರ ಬೇಕು ಅಂತ ಮೊದ್ಲೇ ಗೊತ್ತಾಗುತ್ತಾ?

14 ಕೌಂಟ್, ಎರಡು ಎಳೆಯಲ್ಲಿ ಒಂದು ಲಡಿಗೆ 1,500 ಹೊಲಿಗೆ ಅಂತ ಹಿಡಿಯಿರಿ. ಬಿಗಿಯಾಗಿ ಲೆಕ್ಕ ಹಾಕಿದರೆ ಇನ್ನೂ ಹೆಚ್ಚು ಬರುತ್ತದೆ, ಆದರೆ ಶುರು ಮಾಡುವಾಗ, ಮುಗಿಸುವಾಗ ಪೋಲಾಗುವುದು, ಬಿಚ್ಚಿದ್ದು ಎಲ್ಲಾ ಸೇರಿ ಇಷ್ಟಕ್ಕೆ ನಿಲ್ಲುತ್ತದೆ. ಹಿನ್ನೆಲೆಯ ಬಣ್ಣಕ್ಕೆ ಒಂದು ಲಡಿ ಹೆಚ್ಚಿಗೇ ತನ್ನಿ.

ಬ್ಲೌಸ್ ತೋಳಿನ ಮೇಲೆ ಹಾಕ್ಬಹುದಾ? ಅದ್ರಲ್ಲಿ ಮನೆ ಇರಲ್ವಲ್ಲ.

ಅದಕ್ಕೇ ವೇಸ್ಟ್ ಕ್ಯಾನ್ವಾಸ್ ಅಂತ ಸಿಗುತ್ತದೆ. ಬ್ಲೌಸಿನ ಬಟ್ಟೆಯ ಮೇಲೆ ಅದನ್ನಿಟ್ಟು ಟಾಕು ಹಾಕಿ, ಅದರ ಮನೆ ಎಣಿಸಿ ಎರಡೂ ಪದರ ಸೇರಿಸಿ ಹಾಕಿ. ಇಲ್ಲಿ ಮಾತ್ರ ಚೂಪು ಸೂಜಿ ಬೇಕು. ಮುಗಿದ ಮೇಲೆ ಒದ್ದೆ ಮಾಡಿ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಚಿಮಟದಲ್ಲಿ ಎಳೆದರೆ ಹೊಲಿಗೆ ಮಾತ್ರ ಉಳಿಯುತ್ತದೆ. ನೀರಿನಲ್ಲಿ ಕರಗುವ ಬಗೆಯೂ ಇದೆ. ಹತ್ತಿ ಬ್ಲೌಸಿನಲ್ಲಿ ಮೊದಲು ಮಾಡಿ. ಮೈಸೂರು ಸಿಲ್ಕ್ ಮುಟ್ಟಬೇಡಿ, ಅದು ಒದ್ದೆಯಾದರೆ, ಸೂಜಿ ತೂತು ಉಳಿದರೆ ಅಳುವುದು ನೀವೇ.

ಫೋಟೋ ಹಾಕಿದ್ರೆ ಆಪ್‌ನಲ್ಲಿ ಚಾರ್ಟ್ ಮಾಡ್ಕೊಡುತ್ತಂತೆ. ಮಗಳ ಫೋಟೋ ಹಾಕ್ಲಾ?

ಮಾಡಿಕೊಡುತ್ತದೆ, ಅರವತ್ತು ಬಣ್ಣದಲ್ಲಿ. ಪಕ್ಕಪಕ್ಕದ ಮನೆಗೆ ಬೇರೆ ಬೇರೆ ಬಣ್ಣ ಬಂದು ಎರಡು ಹೊಲಿಗೆಗೊಮ್ಮೆ ಸೂಜಿ ಬದಲಿಸಬೇಕಾಗುತ್ತದೆ. ಬಣ್ಣವನ್ನು ಹದಿನೈದಕ್ಕೆ ಇಳಿಸಿ ನೋಡಿ. ಮಗಳು ಮಗಳ ಹಾಗೆ ಕಾಣದಿದ್ದರೆ ಆ ಫೋಟೋ ಬಿಡಿ.

ಹೇಗೆ ಒಗೀಬೇಕು? ಕೆಂಪು ಬಣ್ಣ ಬಿಟ್ರೆ?

ಕೈಯ ಎಣ್ಣೆ, ಬೆವರು ಅಂಟಿರುತ್ತದೆ, ಆದ್ದರಿಂದ ಫ್ರೇಮಿಗೆ ಮೊದಲು ಒಗೆಯಲೇಬೇಕು. ತಣ್ಣೀರು, ಸೌಮ್ಯ ಸೋಪು, ಹಿಂಡಬಾರದು, ಟವಲಿನಲ್ಲಿ ಸುರುಳಿ ಸುತ್ತಿ ಒತ್ತಿ. ದಪ್ಪ ಟವಲಿನ ಮೇಲೆ ಮುಖ ಕೆಳಗೆ ಮಾಡಿ ಹಿಂಬದಿಯಿಂದ ಇಸ್ತ್ರಿ. ಕೆಂಪು ಬಿಟ್ಟರೆ ಗಾಬರಿಯಾಗಿ ಒಣಗಿಸಬೇಡಿ. ಒಣಗಿದರೆ ಕಲೆ ಕೂತಿತು. ನೀರು ತಿಳಿಯಾಗುವವರೆಗೆ ತಣ್ಣೀರು ಬದಲಿಸುತ್ತಲೇ ಇರಿ. ಬೋರ್‌ವೆಲ್ಲಿನ ಗಡಸು ನೀರು ಬಳಸುವವರು ಕೊನೆಯ ಜಾಲಾಟವನ್ನು ಫಿಲ್ಟರ್ ನೀರಿನಲ್ಲಿ ಮಾಡಿ, ಕಪ್ಪು ಬಟ್ಟೆಯಲ್ಲಿ ಬಿಳಿ ಚುಕ್ಕೆ ನಿಲ್ಲುವುದಿಲ್ಲ.

ದೇವರ ಪಟಕ್ಕೆ ಕಟ್ಟು ಹಾಕೋ ಅಂಗಡೀಲೇ ಫ್ರೇಮ್ ಮಾಡಿಸ್ಲಾ?

ಮಾಡಿಸಿ, ಆದರೆ ಪಕ್ಕದಲ್ಲೇ ನಿಂತುಕೊಳ್ಳಿ. ನಾನೊಮ್ಮೆ ಕೊಟ್ಟು ತರಕಾರಿ ತರಲು ಹೋಗಿ ಬರುವಷ್ಟರಲ್ಲಿ ನಾಲ್ಕೂ ಕಡೆಯ ಮೂರು ಇಂಚನ್ನು ಕಚಕ್ಕನೆ ಕತ್ತರಿಸಿ, ಗೋಂದು ಬಳಿದು ಹಲಗೆಗೆ ಅಂಟಿಸಿಬಿಟ್ಟಿದ್ದರು. ಪಾಪ, ಅವರಿಗೆ ಅದು ಕ್ಯಾಲೆಂಡರ್ ಚಿತ್ರದ ಹಾಗೇ ಕಂಡಿರಬೇಕು. ಎರಡು ವರ್ಷಕ್ಕೆ ಗೋಂದು ಹಳದಿಯಾಗಿ ಮುಂದೆ ಬಂತು. ಈಗ ಹಲಗೆಗೆ ಬಟ್ಟೆ ಬಿಗಿಯುವ ಕೆಲಸ ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಗಟ್ಟಿ ರಟ್ಟಿನ ಮೇಲೆ ಬಟ್ಟೆ ಹಾಸಿ, ಅಂಚನ್ನು ಹಿಂದಕ್ಕೆ ಮಡಿಸಿ, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಬೂಟಿನ ಲೇಸು ಕಟ್ಟಿದ ಹಾಗೆ ಗಟ್ಟಿ ದಾರ ಎಳೆದು ಬಿಗಿಯುವುದು. ಅಂಗಡಿಯವರಿಗೆ ಹೇಳಬೇಕಾದ್ದು ಒಂದೇ ಮಾತು: ಗಾಜು ಹೊಲಿಗೆಗೆ ತಾಗಬಾರದು, ನಡುವೆ ಮೌಂಟ್ ರಟ್ಟು ಕೊಡಿ.

ಅಜ್ಜಿ ಹಾಕಿದ್ದ ಮೇಜಿನ ಬಟ್ಟೆ ಸಿಕ್ತು, ಗಿಳಿ ಅರ್ಧ ಬಿಚ್ಚೋಗಿದೆ. ಸರಿ ಮಾಡ್ಬಹುದಾ?

ಮೊದಲು ಬಿಸಿಲಿಗೆ ಎತ್ತಿ ಹಿಡಿದು ನೋಡಿ. ಬಟ್ಟೆಯೇ ಜರಡಿಯಾಗಿದ್ದರೆ ಸೂಜಿ ಹಾಕಬೇಡಿ, ಹಿಂದೊಂದು ತೆಳು ಹತ್ತಿಯ ಮಲ್ಲು ಬಟ್ಟೆ ಕೊಟ್ಟು ಫ್ರೇಮಿನಲ್ಲಿ ಉಳಿಸಿಕೊಳ್ಳಿ. ಬಟ್ಟೆ ಗಟ್ಟಿ ಇದ್ದು ದಾರ ಮಾತ್ರ ಹೋಗಿದ್ದರೆ, ಹಿಂಬದಿ ತಿರುಗಿಸಿ. ಬೆಳಕು ಕಾಣದ ಅಲ್ಲಿ ಗಿಳಿಯ ಹಸಿರು ಅಜ್ಜಿ ಹಾಕಿದ ದಿನದ ಹಾಗೇ ಇರುತ್ತದೆ, ಮುಂದೆ ಮಾಸಿರುತ್ತದೆ. ಹೊಸ ದಾರ ಹೊಂದಿಸಬೇಕಾದ್ದು ಮುಂದಿನ ಮಾಸಿದ ಬಣ್ಣಕ್ಕೆ. ಅಜ್ಜಿಯ ಮೇಲಿನ ಕಾಲು ಯಾವ ಕಡೆ ವಾಲಿದೆ ಅಂತಲೂ ನೋಡಿಕೊಳ್ಳಿ, ನಿಮ್ಮ ಅಭ್ಯಾಸ ಬೇರೆಯಾಗಿದ್ದರೂ ಆ ಗಿಳಿಯಲ್ಲಿ ಅವರ ಕಡೆಗೇ ವಾಲಿಸಿ.